ಮೀರಿಮಳ ಕಾಲಿನ ದಾರ

ನಮ್ಮೂರ ಸಸ್ಯೋದ್ಯಾನದಲ್ಲಿ ನನ್ನದು ಸಸಿ ಮಾರುವ ಕೆಲಸ. ಬಾಗಿಲಿನಿಂದ ಬಲಕ್ಕೆ ತಿರುಗಿದರೆ ಬರ್ಚ್ ಮರಗಳ ಕೆಳಗೆ ನನ್ನ ಗೂಡಂಗಡಿ. ಗುಲಾಬಿ, ಸೇಬು, ಏಪ್ರಿಕಾಟ್ ಸಸಿ ಕೇಳಿಕೊಂಡು ಬರುವವರಿಗಿಂತ ದಾರಿ ಕೇಳಿಕೊಂಡು ಬರುವವರೇ ಹೆಚ್ಚು. ಮದುಮಕ್ಕಳು ಬಂದರೆ ಬಾಚಣಿಗೆ ಹಿಡಿದ ಹೆಂಗಸಿನ ಶಿಲ್ಪ ಎಲ್ಲಿ ಎನ್ನುತ್ತಾರೆ, ಫೋಟೋಗೆ. ಹುಡುಗರು ಕಲ್ಲುತೋಳದ ಬೆನ್ನೇರಲು ಬರುತ್ತಾರೆ. ಕಂಚಿನ ಬೇಟೆಗಾರನೊಬ್ಬ ಇದ್ದಾನೆ. ಅವನ ಮುಂಗೈ ಮೇಲಿದ್ದ ಹದ್ದನ್ನು, ಸೋವಿಯತ್ ದೇಶ ಒಡೆದ ಕಾಲದಲ್ಲಿ, ಯಾರೋ ಗರಗಸ ಹಾಕಿ ಕೊಯ್ದುಕೊಂಡು ಹೋದರು. ಅವನು ಮೊನ್ನೆಮೊನ್ನೆಯವರೆಗೂ ಖಾಲಿ ಕೈ ಚಾಚಿಕೊಂಡು ನಿಂತಿದ್ದ, ಬಾರದ ಟ್ಯಾಕ್ಸಿಗೆ ಕೈ ಅಡ್ಡ ಹಿಡಿದವನ ಹಾಗೆ.

ಇನ್ನು ಕೆಲವು ಹೆಂಗಸರು ಬರುತ್ತಾರೆ, ಕಂಕುಳಲ್ಲಿ ಮಗು, ಮುಖ ಸಣ್ಣಗೆ. ಅವರು ಬಾಯಿ ತೆರೆಯುವ ಮೊದಲೇ ನಾನು ಕೈ ತೋರಿಸುತ್ತೇನೆ.

“ಕಲ್ಲುಮಗು ತಾನೇ? ನಿಮ್ಮ ಹಿಂದೇನೇ ಇದೆ, ತಿರುಗಿ ನೋಡಿ.”

ನನ್ನ ಅಂಗಡಿಯ ಎದುರಿಗೇ ಅದು. ಬೂದು ಮಿಶ್ರಿತ ಬಿಳಿ ಅಮೃತಶಿಲೆ. ವರ್ಷ ತುಂಬಿದ ಹೆಣ್ಣುಮಗು, ಎರಡೂ ಕೈ ಮುಂದೆ ಚಾಚಿ, ಒಂದು ಹಿಮ್ಮಡಿ ಎತ್ತಿ, ಇನ್ನೇನು ಹೆಜ್ಜೆ ಇಡಬೇಕು. ಕಾಲ್ಬೆರಳುಗಳನ್ನು ನೋಡಿದರೆ ಮುಟ್ಟಬೇಕೆನಿಸುತ್ತದೆ. ಎರಡೂ ಕಣಕಾಲುಗಳನ್ನು ಸೇರಿಸಿ ಸುತ್ತಿ ಕಟ್ಟಿದ ದಾರವೂ ಕಲ್ಲಿನದೇ.

ಮಗು ಗೋಡೆ ಬಿಟ್ಟು ನಿಂತ ಮೇಲೆ ನಾವು ಕರಿ ಬಿಳಿ ಉಣ್ಣೆ ಹೊಸೆದು ಅದರ ಕಾಲು ಕಟ್ಟುತ್ತೇವೆ. ಕೇರಿಯ ಮಕ್ಕಳನ್ನೆಲ್ಲ ದೂರದಿಂದ ಓಡಿಸುತ್ತೇವೆ. ಮೊದಲು ಬಂದು ಮುಟ್ಟಿದವರ ಕೈಗೆ ಚಾಕು. ಅವರು ದಾರ ಕತ್ತರಿಸಿ, ಮಗುವಿನ ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಅಷ್ಟಾದರೆ ಆ ಮಗುವಿನ ದಾರಿ ತೆರೆಯಿತು ಅಂತ. ಬೆಳೆದ ಗಂಡಸು ಸಮತಟ್ಟು ನೆಲದಲ್ಲಿ ಮುಗ್ಗರಿಸಿದರೂ ನಮ್ಮಲ್ಲಿ “ಏನಯ್ಯಾ, ನಿಮ್ಮಮ್ಮ ದಾರ ಕತ್ತರಿಸೋದು ಮರೆತಳಾ?” ಎಂದು ನಗುತ್ತಾರೆ. ಆದ್ದರಿಂದ ನಡಿಗೆ ತಡವಾದ ಮಕ್ಕಳ ತಾಯಂದಿರು ಈ ಕಲ್ಲುಮಗುವಿನ ಕಾಲಿಗೆ ಉಣ್ಣೆ ಕಟ್ಟಿ ಕತ್ತರಿಸಿ ಹೋಗುವ ರೂಢಿ ತಾನಾಗಿಯೇ ಬೆಳೆದುಕೊಂಡಿತು. ನನ್ನ ಎರಡನೆಯ ಮಗ ತಡವಾಗಿ ನಡೆದ. ನಾನೂ ಕತ್ತರಿಸಿದ್ದೇನೆ. ಈಗ ಅವನು ಮನೆಯಲ್ಲಿ ನಿಲ್ಲುವುದೇ ಇಲ್ಲ, ಅದು ಬೇರೆ ಮಾತು.

ಆದರೆ ಆ ಕಲ್ಲುಮಗುವಿಗೆ ಒಂದು ಹೆಸರಿದೆ ಎನ್ನುವುದು ಬಂದವರಿಗೆ ಗೊತ್ತಿರುತ್ತಿರಲಿಲ್ಲ. ಮೀರಿಮ್ ಅಂತ. ಅದರ ತಾಯಿ ಪ್ರತಿ ಗುರುವಾರ ನನ್ನ ಅಂಗಡಿ ಮುಂದಿನ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಅನಾರ್‌ಕುಲ್ ಅಕ್ಕ. ಬಿಳಿ ತಲೆವಸ್ತ್ರ, ಮೊಣಕಾಲಿನವರೆಗಿನ ಮೆತ್ತನೆ ಬೂಟು, ಬಾಯಿ ಮಾತ್ರ ಮೆತ್ತಗಲ್ಲ. ಬಂದ ಕೂಡಲೇ ಶುರು.

“ಬುರುಲ್, ನಿನ್ನ ಗುಲಾಬಿಗಿಂತ ನಿನ್ನ ಗಲ್ಲವೇ ಕೆಂಪಾಗಿದೆಯಲ್ಲೇ. ಸಸಿಗೆ ಹಾಕೋ ಗೊಬ್ಬರ ನೀನೇ ತಿಂತೀಯಾ?”

“ಚಹಾ ಕುಡೀತೀಯಾ ಇಲ್ಲಾ ಬೈತಾನೇ ಇರ್ತೀಯಾ, ಅಕ್ಕ?”

“ಎರಡೂ ಮಾಡ್ತೀನಿ. ಹಾಲು ಜಾಸ್ತಿ ಹಾಕು.”

ಚಹಾ ಮುಗಿದ ಮೇಲೆ ಎದ್ದು ಕಲ್ಲುಮಗುವಿನ ಹತ್ತಿರ ಹೋಗುತ್ತಿದ್ದಳು. ಕೈಚೀಲದಿಂದ ಪಾದ ಉಜ್ಜುವ ಕಲ್ಲು ತೆಗೆಯುತ್ತಿದ್ದಳು. ಒಮ್ಮೆ ಎಡ ಬಲ ನೋಡಿ, ಮಗುವಿನ ಕಣಕಾಲಿಗೆ ಸುತ್ತಿದ ಕಲ್ಲುದಾರವನ್ನು ಮೆಲ್ಲಗೆ, ಜಳಕದಲ್ಲಿ ಮಗುವಿನ ಕಾಲು ತಿಕ್ಕುವ ಹಾಗೆ, ಉಜ್ಜುತ್ತಿದ್ದಳು. ಕಾವಲುಗಾರ ದಾಯಿರ್ ಆ ಹೊತ್ತಿಗೆ ಸರಿಯಾಗಿ ಬೇಲಿಯ ಕಡೆ ಮುಖ ಮಾಡಿ ಸಿಗರೇಟು ಹಚ್ಚುತ್ತಿದ್ದ. ನಾನು ಸಸಿಗಳಿಗೆ ನೀರು ಹಾಕುತ್ತಿದ್ದೆ, ಆಗಲೇ ಹಾಕಿದ್ದರೂ.

ಕಥೆ ಹೀಗೆ. ಆಕೆಯ ಗಂಡ ಜುಮಾದಿಲ್ ಅಣ್ಣ ಶಿಲ್ಪಿ. ಅವರ ಒಬ್ಬಳೇ ಮಗಳು ಗೋಡೆ ಬಿಟ್ಟು ನಿಂತ ವಾರ ಅನಾರ್‌ಕುಲ್ ಉಣ್ಣೆ ಹೊಸೆದಳು, ಮರುದಿನ ಬೆಳಿಗ್ಗೆ ಮಕ್ಕಳಿಗೆ ಹಂಚುವ ಬೂರ್ಸೋಕ್ ಕರಿಯಲು ಹಿಟ್ಟು ನಾದಿಟ್ಟಳು, ಕೇರಿಗೆಲ್ಲ ಹೇಳಿ ಬಂದಳು. ಆ ಸಂಜೆ ಮಗುವಿಗೆ ಜ್ವರ ಬಂತು. ಆಸ್ಪತ್ರೆಗೆ ಹೋಗುವ ಕಣಿವೆಯ ದಾರಿ ಹಿಮದಿಂದ ಮುಚ್ಚಿತ್ತು. ಉಬ್ಬಿದ ಹಿಟ್ಟು ಪಾತ್ರೆಯಿಂದ ಹೊರಗೆ ಸುರಿದು ಒಣಗಿ ಹೋಯಿತು ಎಂದು ಆಕೆ ಒಮ್ಮೆ ನನಗೆ ಹೇಳಿದ್ದಳು. ಮಗುವಿನ ಬಗ್ಗೆ ಅಲ್ಲ, ಹಿಟ್ಟಿನ ಬಗ್ಗೆಯೇ ಹೇಳಿದಳು.

ಕೆಲವು ವರ್ಷ ಕಳೆದ ಮೇಲೆ ಉದ್ಯಾನದಲ್ಲಿ ಶಿಲ್ಪಗಳನ್ನು ಇಡುವುದೆಂದಾಯಿತು. ಒಮ್ಮೆ ನೆಟ್ಟ ಮೇಲೆ ಯಾವುದನ್ನೂ ಕೀಳುವಂತಿಲ್ಲ, ಬದಲಿಸುವಂತಿಲ್ಲ. ಮರಕ್ಕಾದರೂ ಆಯುಷ್ಯವುಂಟು, ಇವಕ್ಕೆ ಅದೂ ಇಲ್ಲ ಎಂದು ಆಗಿನ ಅಧಿಕಾರಿ ಭಾಷಣದಲ್ಲಿ ಹೇಳಿದನಂತೆ. ಜುಮಾದಿಲ್ ಅಣ್ಣ ಏನು ಕೆತ್ತುತ್ತಿದ್ದಾನೆಂದು ಹೆಂಡತಿಗೆ ಹೇಳಿರಲಿಲ್ಲ. ಬಟ್ಟೆ ಸರಿಸಿದಾಗ ಆಕೆ ಕಂಡದ್ದು ತನ್ನದೇ ಮಗಳನ್ನು. ಅದೇ ಬೆರಳು, ಅದೇ ಗಲ್ಲ. ಮತ್ತು ಬದುಕಿದ್ದಾಗ ಕಟ್ಟಲು ಸಮಯವೇ ಸಿಗದ ದಾರ, ಕಾಲಿಗೆ ಬಿಗಿಯಾಗಿ ಕಟ್ಟಿತ್ತು.

“ಇದನ್ನ ಯಾರು ಕತ್ತರಿಸ್ತಾರೆ?” ಎಂದು ಅಲ್ಲೇ, ಅಧಿಕಾರಿಗಳ ಮುಂದೆಯೇ ಕೇಳಿದಳಂತೆ.

“ಸುಮ್ನಿರು,” ಎಂದನಂತೆ ಗಂಡ. “ದಾರ ಇಲ್ದೇ ಹೋದ್ರೆ ಅದು ಬರೀ ಒಂದು ಕೂಸು. ದಾರದಿಂದಲೇ ಅದು ಶಿಲ್ಪ.”

ದಾರವನ್ನೇ ಎಲ್ಲರೂ ಹೊಗಳಿದರು. ರಾಜಧಾನಿಯಿಂದ ಬಂದವರು ಆ ಗಂಟಿನ ಫೋಟೋ ತೆಗೆದುಕೊಂಡು ಹೋದರು. ಪ್ರದರ್ಶನ ಮುಗಿಯಲಿ, ತೆಗೆದುಬಿಡ್ತೀನಿ ಎಂದ ಜುಮಾದಿಲ್ ಅಣ್ಣ. ಆಮೇಲೆ ಬಹುಮಾನ ಬರಲಿ ಎಂದ. ಬಹುಮಾನ ಬಂತು. ಪುಸ್ತಕದಲ್ಲಿ ಚಿತ್ರ ಅಚ್ಚಾಗಲಿ ಎಂದ. ಅದೂ ಆಯಿತು. ಅಷ್ಟರಲ್ಲಿ ದೇಶವೇ ಒಡೆಯಿತು. ಶಿಲ್ಪ ಕೆತ್ತಿಸುವವರೂ ಇಲ್ಲ, ಉದ್ಯಾನಕ್ಕೆ ಸಂಬಳ ಕೊಡುವವರೂ ಇಲ್ಲ. ಜುಮಾದಿಲ್ ಅಣ್ಣ ಗೋರಿಕಲ್ಲಿನ ಮೇಲೆ ಸತ್ತವರ ಮುಖ ಕೊರೆದು ಹೊಟ್ಟೆ ಹೊರೆದ. ಅನಾರ್‌ಕುಲ್ ಕೇಳುವುದನ್ನು ಬಿಟ್ಟು ಉಜ್ಜುವುದನ್ನು ಹಿಡಿದಳು.

“ಬುರುಲ್,” ಎಂದು ಒಂದು ಗುರುವಾರ ಕೇಳಿದಳು. ಆ ಹೊತ್ತಿಗೆ ಆಕೆಯ ಎದೆ ಕೆಟ್ಟಿತ್ತು, ಬಾಗಿಲಿನಿಂದ ಬೆಂಚಿಗೆ ಬರುವುದರೊಳಗೆ ಎರಡು ಸಲ ನಿಲ್ಲುತ್ತಿದ್ದಳು. “ನಾನು ಸತ್ತು ಅಲ್ಲಿಗೆ ಹೋದಾಗ, ಎಲ್ಲರ ಮಕ್ಕಳೂ ತಾಯಂದಿರ ಹತ್ರ ಓಡಿ ಬರ್ತವೆ. ನನ್ನದು?”

“ಬಿಡು ಅಕ್ಕ. ಕಲ್ಲಿಗೂ ಅದಕ್ಕೂ ಏನು?”

“ನೀನು ನಿನ್ನ ಮಗನ್ನ ಎತ್ಕೊಂಡು ಬಂದು ಇದರ ಕಾಲಿಗೆ ಉಣ್ಣೆ ಯಾಕೆ ಕಟ್ಟಿದೆ ಹಾಗಾದ್ರೆ?”

ನಾನು ಆಕೆಯ ಬಟ್ಟಲಿಗೆ ಚಹಾ ಸುರಿದೆ.

ಈ ವರ್ಷ ವಸಂತದ ಹೊತ್ತಿಗೆ ದಾರ ಬಹುಮಟ್ಟಿಗೆ ಹೋಗಿತ್ತು. ಆಕೆಯ ಕಲ್ಲು, ಊರ ಹೆಂಗಸರ ಚಾಕು, ಮಕ್ಕಳ ಕೈ, ಮಳೆ, ಮಂಜು, ಎಲ್ಲ ಸೇರಿ ಸವೆಸಿದ್ದವು. ಬಲಗಾಲು ಪೂರಾ ನುಣುಪು. ಎಡಗಾಲಿನಲ್ಲಿ ಬೆರಳಿಗೆ ಸಿಕ್ಕಿದರೂ ಕಣ್ಣಿಗೆ ಸಿಕ್ಕದಂಥ ಒಂದು ಗೆರೆ. ಎರಡು ಕಾಲುಗಳ ನಡುವಿನ ಗಂಟು ಮಾತ್ರ ಗಟ್ಟಿಯಾಗಿ ಕೂತಿತ್ತು. ಅಲ್ಲಿಗೆ ಆಕೆಯ ಕೈ ಸರಿಯಾಗಿ ಹೋಗುತ್ತಿರಲಿಲ್ಲ.

ಆಗಲೇ ಹೊಸ ನಿರ್ದೇಶಕ ಎಸೆನ್ ಬಂದ. ಚುರುಕು ಹುಡುಗ, ಒಳ್ಳೆಯವನೇ. ಉದ್ಯಾನದ ಹಬ್ಬಕ್ಕೆ ಎಲ್ಲ ಶಿಲ್ಪಗಳನ್ನೂ ದುರಸ್ತಿ ಮಾಡಿಸುತ್ತೇನೆ ಎಂದ. ಬೇಟೆಗಾರನಿಗೆ ಹೊಸ ಹದ್ದು ಬಂತು. ಅದು ಕೋಳಿಯ ಹಾಗಿದೆ ಎಂದು ದಾಯಿರ್ ಇವತ್ತಿಗೂ ಹೇಳುತ್ತಾನೆ. ಕಲ್ಲುಮಗುವಿನ ಶಿಲ್ಪಿ ಬದುಕಿದ್ದಾನೆ, ಇದೇ ಊರಲ್ಲಿದ್ದಾನೆ ಎಂದು ತಿಳಿದು ಎಸೆನ್ ತಾನೇ ಅವನ ಮನೆಗೆ ಹೋಗಿ ಕರೆದ.

ಎಷ್ಟೋ ವರ್ಷಗಳಿಂದ ಯಾರೂ ಕರೆಯದ ಮನುಷ್ಯ ಜುಮಾದಿಲ್ ಅಣ್ಣ. ಮರುದಿನವೇ ಗಡ್ಡ ಬೋಳಿಸಿ, ಒತ್ತಿದ ಬಿಳಿ ಉಣ್ಣೆಯ ಟೋಪಿ ಹಾಕಿ, ಉಳಿಗಳ ಪೆಟ್ಟಿಗೆ ಹಿಡಿದು ಬಂದ. ಜೊತೆಗೆ ಹೆಂಡತಿ. ಅದು ಗುರುವಾರವೂ ಆಗಿರಲಿಲ್ಲ.

ನನ್ನ ಬೆಂಚಿನಲ್ಲೇ ಇಬ್ಬರೂ ಕೂತರು.

“ನೋಡೇ ಬುರುಲ್, ಈ ಮುದುಕ ಮದುಮಗನ ಹಾಗೆ ಕಾಣ್ತಾನಲ್ವಾ? ಒಂದು ಹಲ್ಲು ಕಮ್ಮಿ ಅಷ್ಟೇ.”

“ಈ ಮುದುಕಿ ನನ್ನ ಹಲ್ಲು ಲೆಕ್ಕ ಹಾಕ್ತಾನೇ ಜೀವನ ಕಳೆದಳು,” ಎಂದ ಆತ. ಖುಷಿಯಾಗಿದ್ದ.

ಅನಾರ್‌ಕುಲ್ ಅಕ್ಕ ಬಟ್ಟಲು ಕೆಳಗಿಟ್ಟಳು. “ಮುದುಕಾ. ಈಗ ನಿನ್ನ ಕೈಲಿ ಉಳಿ ಇದೆ. ಅಪ್ಪಣೆನೂ ಇದೆ. ಆ ಗಂಟೊಂದು ತೆಗೆದುಬಿಡು.”

ಆತ ಚಹಾ ಊದಿದ.

“ಪ್ರದರ್ಶನ ಇಲ್ಲ, ಬಹುಮಾನ ಇಲ್ಲ, ಯಾರೂ ಫೋಟೋ ಹಿಡೀತಿಲ್ಲ. ಒಂದೇ ಗಂಟು. ನನಗೋಸ್ಕರ ಬೇಡ. ನಾನು ಅಲ್ಲಿಗೆ ಹೋಗೋ ಮುಂಚೆ ಅವಳ ಕಾಲು ಬಿಚ್ಚಬೇಕು.”

“ಆಯ್ತು.”

“ಆಯ್ತು ಅಂದ್ರೆ?”

“ಆಯ್ತು ಅಂದ್ರೆ ಆಯ್ತು, ಮುದುಕಿ. ನೋಡ್ಕೋತೀನಿ. ಬುರುಲ್ ಸಾಕ್ಷಿ. ಇನ್ನೂ ಸ್ವಲ್ಪ ಹಾಲು ಹಾಕಮ್ಮ.”

ಆತ ಅದನ್ನು ನನ್ನ ಕಣ್ಣು ನೋಡಿಕೊಂಡು ಹೇಳಿದ. ಹೆಂಡತಿಯದನ್ನಲ್ಲ. ಅವತ್ತು ನನಗೆ ಅದು ಹೊಳೆಯಲಿಲ್ಲ.

ಕಲ್ಲುಮಗುವಿನ ಸುತ್ತ ಟಾರ್ಪಾಲು ಕಟ್ಟಿದರು. ಒಳಗಿನಿಂದ ದಿನವೂ ಟಿಕ್ ಟಿಕ್ ಸದ್ದು. ಒಂದು ಗಂಟು ತೆಗೆಯಲು ಇಷ್ಟು ದಿನ ಬೇಕೇ ಎಂದು ನಾನು ಕೇಳಿದರೆ ಅನಾರ್‌ಕುಲ್ ಅಕ್ಕ ನನಗೇ ಗದರಿದಳು.

“ಹಲ್ಲು ಕಿತ್ತ ಹಾಗೆ ಕೀಳೋಕಾಗುತ್ತೇನೆ? ಆ ಜಾಗ ನುಣುಪು ಮಾಡ್ಬೇಕು. ಚರ್ಮದ ಹಾಗೆ ಕಾಣ್ಬೇಕು. ಅವನ ಕೈ ನಿನಗೆ ಗೊತ್ತಿಲ್ಲ. ಬಾಯಿ ಸುಳ್ಳು, ಕೈ ಸುಳ್ಳಲ್ಲ.”

ಆಕೆ ಟಾರ್ಪಾಲಿನೊಳಗೆ ಇಣುಕಲಿಲ್ಲ. ಆಕೆಗೆ ಬೇರೆ ಕೆಲಸವಿತ್ತು. ಉಣ್ಣೆ ತಂದಳು, ಕಪ್ಪು ಬಿಳಿ ಎರಡೂ. ನನ್ನ ಬೆಂಚಿನಲ್ಲಿ ಕೂತು ತೊಡೆಯ ಮೇಲಿಟ್ಟು ಹೊಸೆದಳು. ಕೇರಿಯ ಮನೆಮನೆಗೆ ಹೋಗಿ ಬಂದಳು, ಪ್ರತಿ ಬಾಗಿಲಲ್ಲಿ ನಿಂತು ಉಸಿರು ತಿರುಗಿಸಿಕೊಳ್ಳುತ್ತ.

“ಹಬ್ಬದ ದಿನ ಮಕ್ಕಳನ್ನ ಕಳಿಸಿ. ನಮ್ಮ ಮೀರಿಮಳ ದಾರ ಕತ್ತರಿಸ್ತೀವಿ.”

ಕಿರಿಯ ಸೊಸೆಯರಿಗೆ ಮೀರಿಮ್ ಯಾರೆಂದೇ ಗೊತ್ತಿಲ್ಲ. ಅತ್ತೆಯರು ಬಾಗಿಲಿಗೆ ಬಂದು ಆಕೆಯ ಕೈ ಹಿಡಿದುಕೊಂಡರು.

ಯೋಜನೆ ನನಗೆ ಬಿಡಿಸಿ ಹೇಳಿದ್ದಳು. ಟಾರ್ಪಾಲು ಸರಿಯುತ್ತದೆ. ಮಗುವಿನ ಕಾಲು ಬರಿದು. ತಾನು ಹೋಗಿ ಉಣ್ಣೆಯ ದಾರ, ನಿಜವಾದ ದಾರ, ಕಟ್ಟುತ್ತಾಳೆ. ಮಕ್ಕಳು ಬೇಟೆಗಾರನ ಹತ್ತಿರದಿಂದ ಓಡಿ ಬರುತ್ತಾರೆ. ಗೆದ್ದವರು ಕತ್ತರಿಸುತ್ತಾರೆ. ಬೂರ್ಸೋಕ್ ತಿನ್ನುತ್ತಾರೆ. ಅಷ್ಟೇ.

“ಅಷ್ಟೇನಾ?” ಎಂದೆ.

“ಇನ್ನೇನು ಬೇಕು? ಅವತ್ತು ಬೆಳಿಗ್ಗೆ ಮಾಡಬೇಕಾಗಿದ್ದೂ ಅಷ್ಟೇ.”

ಹಬ್ಬದ ದಿನ ಬಿಸಿಲು ಚೆನ್ನಾಗಿತ್ತು. ಬೆಟ್ಟಗಳ ತುದಿಯಲ್ಲಿ ಮಾತ್ರ ಹಿಮ. ಅನಾರ್‌ಕುಲ್ ಅಕ್ಕ ಬೆಳಿಗ್ಗೆಯೇ ಕರಿದ ಬೂರ್ಸೋಕನ್ನು ದೊಡ್ಡ ಬಟ್ಟೆಯಲ್ಲಿ ಕಟ್ಟಿ ತಂದು ನನ್ನ ಸಸಿಗಳ ನಡುವೆ ಇಟ್ಟಳು. ಹೊಸ ತಲೆವಸ್ತ್ರ. ಮಕ್ಕಳನ್ನು ಬೇಟೆಗಾರನ ಬಳಿ ಸಾಲಾಗಿ ನಿಲ್ಲಿಸುವ ಕೆಲಸ ದಾಯಿರ್‌ನದು. “ನಾನು ಟೋಪಿ ಎಸೆದ್ರೆ ಓಡ್ಬೇಕು, ಅದಕ್ಕೆ ಮುಂಚೆ ಓಡಿದವನ ಕಿವಿ ನನ್ನ ಕೈಲಿ” ಎಂದು ಅವನು ಕೂಗುವುದು ಇಲ್ಲಿಗೆ ಕೇಳುತ್ತಿತ್ತು.

ಎಸೆನ್ ಮಾತಾಡಿದ. ಅತಿಥಿಗಳು ಮಾತಾಡಿದರು. ಟಾರ್ಪಾಲು ಸರಿಯಿತು.

ಮೊದಲು ಚಪ್ಪಾಳೆ ಕೇಳಿಸಿತು. ಆಮೇಲೆ ನಾನು ನೋಡಿದೆ.

ಕಾಲಿನಲ್ಲಿ ದಾರವಿತ್ತು. ಹಳೆಯದಲ್ಲ, ಹೊಸದು. ಸವೆದ ಜಾಗವನ್ನು ಇನ್ನಷ್ಟು ಒಳಕ್ಕೆ ಕೊರೆದು, ಆ ತೋಡಿನಲ್ಲಿ ಬಿಳಿಕಲ್ಲಿನ ಎಳೆಗೆ ಕರಿಕಲ್ಲಿನ ಎಳೆ ಹೊಸೆದು ಕೂರಿಸಿದ್ದ. ಉಣ್ಣೆಯ ನವಿರು ಎದ್ದಿರುವುದೂ ಕಾಣುವಂಥ ಕೆಲಸ. ಎರಡು ಸುತ್ತಿನ ಕಡೆ ಮೂರು ಸುತ್ತು ಬಂದಿತ್ತು. ನಡುವಿನ ಗಂಟು ಮುದುಡಿ ಕೂತ ಹಕ್ಕಿಯಷ್ಟು ದಪ್ಪ. ಹೇಳಲೇಬೇಕು, ಅಷ್ಟು ಚೆಂದದ ಕೆತ್ತನೆಯನ್ನು ನಾನು ಈ ಉದ್ಯಾನದಲ್ಲಿ ಬೇರೆ ನೋಡಿಲ್ಲ. ಆಕೆ ಹೇಳಿದ್ದು ಸರಿ. ಕೈ ಸುಳ್ಳಲ್ಲ.

ಜುಮಾದಿಲ್ ಅಣ್ಣ ಟೋಪಿ ಕೈಯಲ್ಲಿ ಹಿಡಿದು ಮೈಕಿನ ಮುಂದೆ ನಿಂತ. ಕಣ್ಣಲ್ಲಿ ನೀರು.

“ಇಷ್ಟು ವರ್ಷ ಯಾರೋ ತಿಳಿಯದವರ ಕೈ ಇದನ್ನ ಸವೆಸಿತ್ತು,” ಎಂದ. “ಪರವಾಗಿಲ್ಲ. ಈಗ ಹಾಕಿರೋದು ಬೆಟ್ಟದ ಕರಿಕಲ್ಲು. ನಾವೆಲ್ಲ ಹೋದರೂ ಇದು ಹೋಗಲ್ಲ.”

ಮತ್ತೆ ಚಪ್ಪಾಳೆ.

ತಿಳಿಯದವರ ಕೈ. ಆ ಕೈ ನನ್ನ ಪಕ್ಕದಲ್ಲೇ ಉಣ್ಣೆಯ ದಾರ ಹಿಡಿದುಕೊಂಡಿತ್ತು. ನಾನು ಅದನ್ನು ಹಿಡಿಯಹೋದೆ, ಆಕೆ ಬಿಡಿಸಿಕೊಂಡಳು.

ಚಪ್ಪಾಳೆ ಕೇಳಿ ದಾಯಿರ್‌ಗೆ ಅದೇ ಸೂಚನೆ ಅನ್ನಿಸಿರಬೇಕು. ಟೋಪಿ ಎಸೆದ. ಮಕ್ಕಳು ಕೂಗುತ್ತ ಬಂದವು. ಅತಿಥಿಗಳು ನಗುತ್ತ ದಾರಿ ಬಿಟ್ಟರು. ಎರಡು ಜಡೆಯ ಒಬ್ಬಳು ಹುಡುಗಿ ಎಲ್ಲರಿಗಿಂತ ಮುಂದೆ ಬಂದು ಕಲ್ಲುಮಗುವಿನ ಪೀಠ ಮುಟ್ಟಿದಳು. ಏದುಸಿರು ಬಿಡುತ್ತ ಅನಾರ್‌ಕುಲ್ ಅಕ್ಕನ ಕಡೆ ಕೈ ಚಾಚಿದಳು. ಆಕೆ ಚಾಕು ಕೊಟ್ಟಳು. ಹುಡುಗಿ ಬಗ್ಗಿ ಕಲ್ಲಿನ ದಾರ ನೋಡಿದಳು, ಒಮ್ಮೆ ಚಾಕುವಿನಿಂದ ಮುಟ್ಟಿಯೂ ನೋಡಿದಳು.

“ಅಜ್ಜಿ, ಇದು ಕತ್ತರಿಸಕ್ಕಾಗಲ್ಲ. ಯಾವುದನ್ನ ಕತ್ತರಿಸ್ಲಿ?”

“ಯಾವುದನ್ನೂ ಬೇಡ ಕಂದಾ. ಚಾಕು ಕೊಡು. ನೀನು ಚೆನ್ನಾಗಿ ಓಡಿದೆ. ಹೋಗಿ ತಿನ್ನು.”

ಆಮೇಲೆ ಗಂಡನ ಹತ್ತಿರ ಹೋದಳು. ಆತ ಹೊಗಳಿಕೆಗೆ ಕಾಯುವವನ ಹಾಗೆ ನೋಡಿದ.

“ಆಯ್ತು ಅಂದಿದ್ದೆ,” ಎಂದಳು.

ಆತ ಮೈಕಿನಿಂದ ದೂರ ಸರಿದು ದನಿ ತಗ್ಗಿಸಿದ. ನಾನು ಹತ್ತಿರದಲ್ಲಿದ್ದುದರಿಂದ ಕೇಳಿಸಿತು. “ಮುದುಕಿ, ನಾನು ತೆಗೀಬೇಕು ಅಂತಲೇ ಉಳಿ ಇಟ್ಟೆ. ಕೈ ಬರಲಿಲ್ಲ. ಕತ್ತರಿಸಿದ್ರೆ ಹೊರಟುಹೋಗ್ತಾಳೆ. ಕಟ್ಟಿರೋವರೆಗೂ ಇಲ್ಲೇ ಇರ್ತಾಳೆ. ನಿನಗೆ ಅರ್ಥ ಆಗಲ್ವಾ?”

ಆ ಮಾತು ಆತನ ಎದೆಯಲ್ಲಿ ಮೊದಲಿನಿಂದ ಇತ್ತೋ, ಆ ಕ್ಷಣಕ್ಕೆ ಬಾಯಿಗೆ ಬಂತೋ, ನನಗೆ ಇವತ್ತಿಗೂ ಅನುಮಾನ. ಇದ್ದಿದ್ದರೆ ಇಷ್ಟು ವರ್ಷ ಪ್ರದರ್ಶನ, ಬಹುಮಾನ, ಪುಸ್ತಕ ಎಂದದ್ದು ಯಾಕೆ?

“ಹೋಗಲಿ ಅಂತಲೇ ಕತ್ತರಿಸೋದು,” ಎಂದಳು ಅನಾರ್‌ಕುಲ್ ಅಕ್ಕ. “ಎಲ್ಲರ ಮಕ್ಕಳದ್ದೂ.”

ಬಗ್ಗಿದಳು. ಎದೆ ಕೆಟ್ಟವಳು, ಬಗ್ಗಿದರೆ ಏಳಲಾಗದವಳು. ಉಣ್ಣೆಯ ದಾರವನ್ನು ಗಂಡನ ಬೂಟಿನ ಮೇಲೆ, ಎರಡೂ ಕಾಲಿಗೆ ಸೇರಿಸಿ, ಸುತ್ತಿ ಸುತ್ತಿ ಗಂಟು ಹಾಕಿದಳು. ಅತಿಥಿಗಳಿಗೆ ಅದು ಮುದುಕ ಮುದುಕಿಯ ಹುಡುಗಾಟ. ಒಬ್ಬ “ಅಜ್ಜ ಈಗ ನಡೆಯೋದು ಕಲೀತಾನೆ!” ಎಂದ. ದೊಡ್ಡ ನಗು. ಯಾರೋ ಫೋಟೋ ಹಿಡಿದರು. ಜುಮಾದಿಲ್ ಅಣ್ಣನೂ ಮೊದಲು ನಕ್ಕ.

ಆಕೆ ನನ್ನ ಭುಜ ಹಿಡಿದು ಎದ್ದು ನಿಂತಳು. ಚಾಕುವನ್ನು ಕೈಚೀಲದೊಳಗೆ ಹಾಕಿದಳು.

“ನಿಂತಿರಿ,” ಎಂದಳು ಆತನಿಗೆ, ದಾರಿಯಲ್ಲಿ ಸಿಕ್ಕ ಪರಿಚಯವಿಲ್ಲದ ಹಿರಿಯರಿಗೆ ಹೇಳುವಷ್ಟು ಮರ್ಯಾದೆಯಿಂದ. “ಕತ್ತರಿಸೋರು ಯಾರಾದ್ರೂ ಬರ್ತಾರೆ.”

ಬಾಗಿಲಿನ ಕಡೆ ನಡೆದಳು. ಎರಡು ಸಲ ನಿಂತಳು, ತಿರುಗಿ ನೋಡಲಿಲ್ಲ.

ಆತ ಬಗ್ಗಿ ಬಿಚ್ಚಿಕೊಳ್ಳಬಹುದಿತ್ತು. ಉಣ್ಣೆ ತಾನೇ. ಬಿಚ್ಚಿಕೊಳ್ಳಲಿಲ್ಲ. ಅತಿಥಿಗಳು ಪಲಾವ್ ತಿನ್ನಲು ಹೋದರು, ಮಕ್ಕಳು ಬೂರ್ಸೋಕ್ ಗಂಟು ಬಿಚ್ಚಿ ಜೇಬು ತುಂಬಿಕೊಂಡವು, ಆತ ಟೋಪಿ ಹಿಡಿದು ಕಲ್ಲುಮಗುವಿನ ಪಕ್ಕ ನಿಂತೇ ಇದ್ದ. ಕಡೆಗೆ ದಾಯಿರ್ ಬಂದು ಗಿಡ ಕತ್ತರಿಸುವ ಕತ್ತರಿ ತೆಗೆದ.

“ಬೇಡ,” ಎಂದ ಜುಮಾದಿಲ್ ಅಣ್ಣ.

“ಮನೆಗೆ ಹೆಂಗೆ ಹೋಗ್ತೀಯಾ ಅಣ್ಣ?”

ಆತ ಸಣ್ಣ ಸಣ್ಣ ಹೆಜ್ಜೆ ಇಡುತ್ತ, ಕಾಲು ಎಳೆಯುತ್ತ ಹೋದ. ಬಾಗಿಲಿನ ಹತ್ತಿರ ಒಮ್ಮೆ ಮುಗ್ಗರಿಸಿದ. ನಮ್ಮಲ್ಲಿ ಯಾರೂ ಆ ಹಳೆಯ ತಮಾಷೆ ಮಾಡಲಿಲ್ಲ.

ಸೇಬು ಕೊಯ್ಲಿನ ಹೊತ್ತಿಗೆ ಅನಾರ್‌ಕುಲ್ ಅಕ್ಕ ತೀರಿಕೊಂಡಳು. ಅದಕ್ಕೆ ಮುಂಚೆ ಒಂದು ಗುರುವಾರವೂ ಉದ್ಯಾನಕ್ಕೆ ಬರಲಿಲ್ಲ. ನಾನೇ ಹೋಗುತ್ತಿದ್ದೆ. ಮಗುವಿನ ಬಗ್ಗೆ ಕೇಳಲಿಲ್ಲ. ನನ್ನ ಚಹಾದಲ್ಲಿ ಹಾಲು ಕಡಿಮೆ ಎಂದು ತನ್ನ ಮನೆಯಲ್ಲಿ ಕೂತೇ ಬೈದಳು.

ಶೋಕದ ದಿನಗಳು ಮುಗಿದ ಮೇಲೆ ಜುಮಾದಿಲ್ ಅಣ್ಣ ಉಳಿ ಪೆಟ್ಟಿಗೆ ಹಿಡಿದು ಬಂದ. ಕಲ್ಲುಮಗುವಿನ ಸುತ್ತ ಈಗ ಕಬ್ಬಿಣದ ಬೇಲಿ, ಮೇಲೊಂದು ಕ್ಯಾಮೆರಾ. ಎಸೆನ್ ಆತನನ್ನು ಗೌರವದಿಂದಲೇ ಕೂರಿಸಿದ, ಚಹಾ ಕೊಡಿಸಿದ, ತಾಳ್ಮೆಯಿಂದ ತಿಳಿಹೇಳಿದ.

“ಅಜ್ಜ, ಈಗ ಅದು ನಿಮ್ಮದಲ್ಲ. ಎಲ್ಲರದ್ದು. ದಾರ ಇಲ್ದೇ ಹೋದ್ರೆ ಅದು ಬರೀ ಒಂದು ಕೂಸು, ಅಲ್ವಾ? ನೀವೇ ಎಲ್ಲೋ ಹೇಳಿದ್ದೀರಂತೆ.”

ಆತ ಈಗಲೂ ಬರುತ್ತಾನೆ. ಬೆಂಚಿನಲ್ಲಿ, ಆಕೆ ಕೂರುತ್ತಿದ್ದ ಕಡೆ ಬಿಟ್ಟು, ಇನ್ನೊಂದು ತುದಿಯಲ್ಲಿ ಕೂರುತ್ತಾನೆ. ನಾನು ಚಹಾ ಕೊಡುತ್ತೇನೆ, ಕೊಡದೆ ಇರುವುದಕ್ಕೆ ಆಗುವುದಿಲ್ಲ. ಆದರೆ ಮಾತಾಡುವುದಿಲ್ಲ. ಕಂಕುಳಲ್ಲಿ ಮಗು ಹೊತ್ತ ಹೆಂಗಸರು ಈಗಲೂ ಬರುತ್ತಾರೆ. ಕಾಲು ಕೈಗೆಟುಕದ್ದರಿಂದ ಉಣ್ಣೆಯನ್ನು ಬೇಲಿಯ ಕಂಬಿಗೆ ಕಟ್ಟಿ ಕತ್ತರಿಸಿ ಹೋಗುತ್ತಾರೆ. ಮೊನ್ನೆ ಒಬ್ಬಳು ಬೆಂಚಿನ ಕಡೆ ನೋಡಿ, “ಅಜ್ಜ, ಈ ದಾರ ಎಷ್ಟು ಚೆನ್ನಾಗಿದೆ, ಯಾರು ಕೆತ್ತಿದ್ದು?” ಎಂದು ಕೇಳಿದಳು.

“ಗೊತ್ತಿಲ್ಲಮ್ಮ,” ಎಂದ ಜುಮಾದಿಲ್ ಅಣ್ಣ.